ತಿಪ್ಪೇಶನ ಹಲ್ಲು

ತಿಪ್ಪೇಶ್ ಮತ್ತೆ ಹಲ್ಲು ಕಡಿದ. ವೇದಾವತಿ ದಡಕ್ಕನೆ ಎದ್ದು ಕೂತಳು.

ಅದೇನು ಸಾಮಾನ್ಯ ಸದ್ದೇ? ವೈ.ಎನ್.ಹೊಸಕೋಟೆಯ ಕಡಲೆಕಾಯಿ ಮಿಲ್ಲುಗಳೆಲ್ಲ ಒಟ್ಟಿಗೆ ತಿರುಗಿದರೂ ಅಷ್ಟು ಗರಗರ ಕೇಳದು. ಮದುವೆಯಾದ ಈ ಮೂರು ತಿಂಗಳಲ್ಲಿ ಬೀದಿನಾಯಿಗಳೆಲ್ಲ ಗಡಿ ದಾಟಿ ಆಂಧ್ರ ಸೇರಿದ್ದವು! ಆದರೆ ಅವಳು ಎದ್ದ ತಕ್ಷಣ ಸದ್ದು ನಿಲ್ಲುತ್ತಿತ್ತು. ಗಂಡ ಕಣ್ಣು ಮುಚ್ಚಿ ಮಲಗಿರುತ್ತಿದ್ದ.

"ಅಲ್ಲಾಡ್ಸಿ ಎಬ್ಬಿಸ್ಲಾ ಅತ್ತೆ?" ಎಂದು ಕೇಳಿದ್ದಕ್ಕೆ ನರಸಮ್ಮ ಕೆಂಡವಾಗಿದ್ದಳು.

"ಈ ಮನೇಲಿ ಮಲಗ್ದೋರ್ನ ಯಾರೂ ಎಬ್ಬಿಸಂಗಿಲ್ಲ ಕಣಮ್ಮ. ಜೀವ ಎಲ್ಲೋ ತಿರುಗಾಡ್ತಿರ್ತದೆ, ದಾರಿ ತಪ್ಪಿಬುಟ್ರೆ? ಅವ್ನು ಹಗಲು ನುಂಗಿದ ಸಿಟ್ಟು, ರಾತ್ರಿ ಹಲ್ಲಿಗೆ ಬತ್ತದೆ ಅಷ್ಟೆ."

ಯಾರ ಮೇಲಿನ ಸಿಟ್ಟು? ಪರೀಕ್ಷಿಸಲೆಂದೇ ವೇದಾವತಿ ಶಿರಾ ಕಡೆಯ ತಾವರೆಕೆರೆಯ ತವರಿಗೆ ಹೋಗಿ ಮೂರು ದಿನ ಕೂತಳು.

"ಹಲ್ಲಿನ ಸದ್ದೇ ಇಲ್ಲ ಕಣಮ್ಮ! ಮಗ ಗುಂಡುಕಲ್ಲಿನಂಗೆ ಮಲಗವ್ನೆ. ನಂಗೂ ಕಣ್ತುಂಬ ನಿದ್ದೆ" ಎಂದು ಅತ್ತೆ ಫೋನಿನಲ್ಲಿ ಹಿಗ್ಗಿದಳು.

ಸರಿ, ಸಿಟ್ಟು ತನ್ನ ಮೇಲೆಯೇ.

ಮಧುಗಿರಿಯ ದಂತವೈದ್ಯೆ ಯಶಸ್ವಿನಿಯ ಮುಂದೆ ಕೂತಾಗ ವೇದಾವತಿಯ ಮಡಿಲಲ್ಲಿ ಬಟ್ಟೆ ತುಂಬಿದ ಚೀಲವಿತ್ತು. ಡಾಕ್ಟರೂ ಸಿಟ್ಟೇ ಕಾರಣ ಎಂದರೆ ಶಿರಾ ಬಸ್ಸು, ತವರು, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ತಿಪ್ಪೇಶನೋ, ದಾರಿಯುದ್ದಕ್ಕೂ ಬಾಯಿ ತೆರೆದುಕೊಂಡು ಎಳೆಗೂಸಿನಂತೆ ನಿದ್ರಿಸಿದ್ದ. ಆದರೂ ಕಣ್ಣು ಒಣಮೆಣಸಿನಕಾಯಿ.

ಯಶಸ್ವಿನಿ ಟಾರ್ಚ್ ಹಾಕಿ ನೋಡಿದಳು. "ಹಲ್ಲು ಸವೆದಿದೆ. ನೋಡಿ, ನಿದ್ದೇಲಿ ಕಡಿಯೋದು ಬೇರೆ, ಎಚ್ಚರದಲ್ಲಿ ಕಡಿಯೋದು ಬೇರೆ. ಕೆಲವರಿಗೆ ಎರಡೂ ಇರುತ್ತೆ. ಎಚ್ಚರದಲ್ಲಿ ಕಡಿಯೋದಕ್ಕೆ ಚಿಂತೆ, ಸಿಟ್ಟು ಇಂಥವು ಕಾರಣ ಇರಬಹುದು. ನಿಮ್ದು ಯಾವ್ದು?"

"ನಿದ್ದೇದೇ ಮೇಡಂ" ಎಂದಳು ವೇದಾವತಿ. "ಎದ್ದಿದ್ದಾಗ ಇವ್ರು ಬೆಣ್ಣೆ. ಒಳಗೇನೈತೋ ಆ ದೇವ್ರಿಗೇ ಗೊತ್ತು."

ತಿಪ್ಪೇಶ್ ಗೋಡೆ ನೋಡಿದ. "ಎಚ್ಚರದ್ದು ಮೇಡಂ. ಸಿಟ್ಟಿಗೇ."

ವೇದಾವತಿ ಚೀಲ ಅಪ್ಪಿಕೊಂಡು ಎದ್ದಳು. "ಯಾಕ್ ಸುಳ್ಳು ಹೇಳ್ತೀರಿ? ಹಗಲೊತ್ತು ಒಂದ್ ಸಲಾನಾದ್ರೂ ಕಡಿದಿದ್ದು ನಾ ಕಂಡಿಲ್ಲ!"

"ಹಗಲು ಅಂತ ಯಾರಂದ್ರು? ಮೂರು ತಿಂಗಳಿಂದ ರಾತ್ರಿಯೆಲ್ಲ ಎದ್ದೇ ಇರ್ತೀನಿ. ನೀನು ಗೊರಕೆ ಹೊಡೀತೀಯ ಕಣೇ, ವೇದಾ."