ಹೊನ್ನಯ್ಯ ಹೆಂಡತಿಯ ಬೆನ್ನು ಹತ್ತಿದ್ದು

ಪುಟ್ಟಗೌರಿಯ ಮೊಣಕೈ ಮತ್ತೆ ತರಚಿತ್ತು.

"ಏನಾಯ್ತು?" ಎಂದ ಹೊನ್ನಯ್ಯ.

"ಸೊಪ್ಪು ಕುಯ್ಯೋವಾಗ ಬಿದ್ದೆ," ಎಂದಳು ಹೆಂಡತಿ.

ಅವರ ಹಿಪ್ಪುನೇರಳೆ ತೋಟ ಅಂಗೈಯಷ್ಟು ಮಟ್ಟಸವಾಗಿತ್ತು. ಅಲ್ಲಿ ಬೀಳಬೇಕಾದರೆ ಕುಡಿದಿರಬೇಕು, ಇಲ್ಲವೇ ಸುಳ್ಳು ಹೇಳುತ್ತಿರಬೇಕು. ಪುಟ್ಟಗೌರಿ ಕುಡಿಯುತ್ತಿರಲಿಲ್ಲ.

ಹಂದಿಗುಂದಿ ಬೆಟ್ಟದ ಬುಡದ ಆ ಊರಿನಲ್ಲಿ ಆಗ ರೇಷ್ಮೆಗೂಡಿನದೇ ದರ್ಬಾರು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಮನೆಮನೆಯಲ್ಲೂ ಹುಳುಗಳಿಗೆ ಒಳಕೋಣೆ, ಮನುಷ್ಯರಿಗೆ ಜಗಲಿ. ಹೊನ್ನಯ್ಯ ಹೊಸ ಸೈಕಲ್ಲು, ಕೈಗಡಿಯಾರ, ಕಪ್ಪು ಕನ್ನಡಕ ಎಲ್ಲವನ್ನೂ ಕೊಂಡಿದ್ದ. ಗೂಡಿನ ಮೂಟೆಯನ್ನು ಕ್ಯಾರಿಯರ್‌ಗೆ ಬಿಗಿದು ಬೆಟ್ಟದ ಸೆರಗಿನ ಕಾಲುದಾರಿಯಲ್ಲಿ ರಾಮನಗರದ ಮಾರುಕಟ್ಟೆಗೆ ಹಾರಿಸಿಕೊಂಡು ಹೋಗುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದ. ಆ ಸೈಕಲ್ಲನ್ನು ಮನೆಯ ಹೆಂಗಸರು ಒರೆಸಬಹುದಿತ್ತು, ಹತ್ತುವಂತಿರಲಿಲ್ಲ. ಅವ್ವ ದಾಸಮ್ಮ ಒಮ್ಮೆ, "ನಂಗೂ ಆ ಮಾರ್ಕೆಟ್ ತೋರ್ಸ್ಲಾ, ಹಿಂದೆ ಕುಂತ್ಕಂಡ್ ಬತ್ತೀನಿ," ಎಂದದ್ದಕ್ಕೆ, "ನೀನ್ ಕುಂತ್ರೆ ಮೂಟೆ ನನ್ ತಲೆ ಮ್ಯಾಲೆ ಕುಂತ್ಕತ್ತದಾ?" ಎಂದು ನಕ್ಕಿದ್ದ.

ಈಗ ನಗು ಬರುತ್ತಿರಲಿಲ್ಲ. ಅವನು ಮಾರುಕಟ್ಟೆಗೆ ಹೋದ ದಿನಗಳಲ್ಲೇ ಪುಟ್ಟಗೌರಿ ಎಲ್ಲಿಗೋ ಹೋಗುತ್ತಿದ್ದಳು. ಅವ್ವ ಆ ಹೊತ್ತಿಗೆ ಸೌದೆಗೆ ಹೋಗಿರುತ್ತಿದ್ದಳು, ಹೀಗಾಗಿ ಮನೆಯಲ್ಲಿ ಕಾವಲಿಗೂ ಯಾರೂ ಇರಲಿಲ್ಲ. ಮರಳಿ ಬಂದಾಗ ಹೆಂಡತಿಯ ಸೀರೆಯಲ್ಲಿ ಕೆಮ್ಮಣ್ಣು, ತಲೆಯಲ್ಲಿ ಒಣಹುಲ್ಲು, ಮುಖದಲ್ಲಿ ನಗು. ಮೊದಲೆರಡನ್ನು ಹೇಗೋ ಸಹಿಸಬಹುದಿತ್ತು.

ಊರ ಗೇಟಿನ ಬಾಡಿಗೆ ಸೈಕಲ್ ಅಂಗಡಿಯ ಮಾಯಣ್ಣ ಉರಿಗೆ ಎಣ್ಣೆ ಹೊಯ್ದ. ಅವನಿಗೆ ಚೂಪು ಮೀಸೆ ಇತ್ತು, ಮದುವೆ ಆಗಿರಲಿಲ್ಲ. ಹೊನ್ನಯ್ಯನ ಟ್ಯೂಬಿಗೆ ತೇಪೆ ಹಾಕುತ್ತಾ, "ನಿಮ್ಮನೆಯೋರು ಬಲೇ ಗಟ್ಟಿ ಕಣಣ್ಣೋ! ಅವತ್ತು ಬೆಟ್ಟದ ಮ್ಯಾಲೆ ನಂಗೇ ಸುಸ್ತು ಮಾಡ್ಸ್‌ಬುಟ್ರು!" ಎಂದ. ಹೊನ್ನಯ್ಯನ ಮುಖ ನೋಡಿದವನೇ ನಾಲಿಗೆ ಕಚ್ಚಿಕೊಂಡು ನೀರಿನ ಬಾಣಲೆಗೆ ತಲೆ ಬಗ್ಗಿಸಿದ.

ಹೊನ್ನಯ್ಯ ಮನೆಗೆ ಬಂದ. ಅವ್ವ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದಳು.

"ಅವ್ವಾ, ನಾನ್ ಮಾರ್ಕೆಟ್‌ಗೋದಾಗ ಇವ್ಳು ಎಲ್ಲಿಗೋಯ್ತಾಳೆ?"

"ನನ್ ಸೊಸೆ ಚಿನ್ನದಂತೋಳು ಕಣ್ಲಾ. ಅವಳ ತಂಟೆಗೆ ಓಗ್ಬ್ಯಾಡ."

ಸಾರಿಗೆ ಉಪ್ಪು ಜಾಸ್ತಿ ಎಂದು ವರ್ಷಗಟ್ಟಲೆ ಸೊಸೆಯನ್ನು ಹರಿದು ತಿಂದವಳು ದಾಸಮ್ಮ. ಅವಳ ಬಾಯಲ್ಲಿ ಚಿನ್ನ ಎಂಬ ಮಾತು ಬಂದದ್ದೇ ಹೊನ್ನಯ್ಯನಿಗೆ ಖಾತ್ರಿಯಾಯಿತು. ಅವ್ವನಿಗೆ ಎಲ್ಲ ಗೊತ್ತಿದೆ, ಮನೆಯ ಮರ್ಯಾದೆಗೆ ಅಂಜಿ ಮುಚ್ಚಿಡುತ್ತಿದ್ದಾಳೆ.

ಮುಂದಿನ ಸಲ ಮಾರುಕಟ್ಟೆಗೆಂದು ಅವನು ಎಂದಿನಂತೆ ಹೊರಟ. ತಿರುವು ದಾಟಿದ ಮೇಲೆ ಮೂಟೆಯನ್ನು ಗೆಳೆಯನ ಜಗಲಿಯಲ್ಲಿಟ್ಟು, ಸೈಕಲ್ಲನ್ನು ಬೆಟ್ಟದತ್ತ ತಿರುಗಿಸಿದ.

ಇಷ್ಟು ದಿನ ಬೆಟ್ಟದ ಸೆರಗಿನಲ್ಲಿ ಹಾರಿಸಿದವನೇ ಹೊರತು ಬೆಟ್ಟದ ಮೇಲಕ್ಕೆ ತುಳಿದವನಲ್ಲ. ಸೀಟಿನಿಂದ ಎದ್ದು ನಿಂತು ತುಳಿದ. ಬೇರಿಗೆ ಎಡವಿದ, ಮರಳಲ್ಲಿ ಹೂತ, ನುಣುಪು ಬಂಡೆಯ ಮೇಲೆ ಹಿಂದಕ್ಕೆ ಜಾರಿದ. ಕೌಜುಗ ಹಕ್ಕಿಗಳ ಹಿಂಡೊಂದು ಪೊದೆಯಿಂದ ಭರ್ರನೆ ಎದ್ದು ಅವನನ್ನು ಮುಳ್ಳುಕಂಟಿಗೆ ಕೆಡವಿತು. ನವಿಲೊಂದು ಗರಿ ಎಳೆದುಕೊಂಡು ಸಲೀಸಾಗಿ ನಡೆದೇ ಅವನನ್ನು ಹಿಂದೆ ಹಾಕಿತು. ಮೇಲಿನ ಕೋಡುಗಲ್ಲಿನಲ್ಲಿ ಕೂತಿದ್ದ ರಣಹದ್ದು ಕತ್ತು ಚಾಚಿ ಅವನನ್ನೇ ಆಸೆಯಿಂದ ನೋಡುತ್ತಿತ್ತು.

ಅರ್ಧ ಬೆಟ್ಟದ ತಿರುವಿನಲ್ಲಿ ಕರಡಿ ಇತ್ತು. ದಾರಿಯ ನಡುವೆಯೇ ಹುತ್ತ ಕೆದರುತ್ತಿತ್ತು. ಹೊನ್ನಯ್ಯ ಸೈಕಲ್ ಬಿಸುಟು ಪಕ್ಕದ ಬಂಡೆ ಏರಿದ. ಏರಿದ ಬಗೆ ಅವನಿಗೇ ತಿಳಿಯಲಿಲ್ಲ. ಕರಡಿ ಬಂದು ಸೈಕಲ್ ಮೂಸಿತು, ಸೀಟು ನೆಕ್ಕಿತು, ಅದರ ಪಕ್ಕದಲ್ಲೇ ಕುಕ್ಕರಿಸಿತು.

ಬಂಡೆಯಿಂದ ಮೇಲಿನ ಬಯಲು ಕಾಣುತ್ತಿತ್ತು. ಅಲ್ಲಿ ಪುಟ್ಟಗೌರಿ ಇದ್ದಳು. ಅವಳ ಮುಂದೆ ಇನ್ನೊಬ್ಬ. ಲಂಟಾನದ ಪೊದೆಯ ಮೇಲೆ ತಲೆಗೆ ಸುತ್ತಿದ ಟವಲು, ಖಾಕಿ ಅಂಗಿ ತೊಟ್ಟ ಬೆನ್ನು ಕಾಣುತ್ತಿದ್ದವು. ಆ ಅಂಗಿ ಹೊನ್ನಯ್ಯನದೇ! ಪುಟ್ಟಗೌರಿ ಎರಡೂ ಕೈಗಳಿಂದ ಆ ಸೊಂಟವನ್ನು ಹಿಡಿದು ನಗುತ್ತಿದ್ದಳು.

"ಎದ್ರ್‌ಕಬ್ಯಾಡಿ, ನಾನ್ ಹಿಡ್ಕಂಡಿವ್ನಿ!"

ಕೂಗಿದರೆ ಕರಡಿ ಮೇಲೆ ನೋಡುತ್ತದೆ, ಕೂಗದಿದ್ದರೆ ಸಂಸಾರ ಹೋಗುತ್ತದೆ. ಹೊನ್ನಯ್ಯ ಬಹಳ ಯೋಚಿಸಿ ಸುಮ್ಮನಿದ್ದ. ಆದರೆ ಹುಳುಗಳಿಗೆ ಸೊಪ್ಪು ಹಾಕುತ್ತಾ ತಟ್ಟೆಗೇ ಒರಗಿ ನಿದ್ದೆ ಹೋಗುತ್ತಿದ್ದ ಹೆಂಡತಿ ಕಣ್ಣೆದುರಿಗೆ ಬಂದಳು. ಅವಳು ತನ್ನ ಜೊತೆ ಹೀಗೆ ನಕ್ಕದ್ದು ಯಾವಾಗ? ನೆನಪಾಗಲಿಲ್ಲ. ಕರಡಿ ತಿಂದರೆ ತಿನ್ನಲಿ ಎನಿಸಿತು.

"ಲೇ ಮಾಯಣ್ಣಾ! ಬುಟ್‌ಬುಡ್ಲಾ ನನ್ನೆಂಡ್ರನ್ನ!"

ಕರಡಿ ಎರಡು ಕಾಲ ಮೇಲೆ ಎದ್ದು ನಿಂತಿತು. ಪುಟ್ಟಗೌರಿ ಬೆಚ್ಚಿ ಕೈ ಬಿಟ್ಟಳು. ಮರುಕ್ಷಣ ಪೊದೆ ಸೀಳಿಕೊಂಡು ಮಾಯಣ್ಣನ ಅಂಗಡಿಯ ಬಾಡಿಗೆ ಸೈಕಲ್ಲೊಂದು ಹೊರಬಿದ್ದು, ಬೆಲ್ಲು ಬಾರಿಸುತ್ತಾ, ಬಂಡೆಯಿಂದ ಬಂಡೆಗೆ ಕುಪ್ಪಳಿಸುತ್ತಾ ನೇರ ಕೆಳಗೆ ನುಗ್ಗಿತು. ಕರಡಿ ಒಮ್ಮೆ ನೋಡಿ, ಮರ್ಯಾದೆಯಿಂದ ದಾರಿ ಬಿಟ್ಟು, ಕಾಡಿಗೆ ಓಟ ಕಿತ್ತಿತು. ಹೊನ್ನಯ್ಯ ದಾರಿಗೆ ಧುಮುಕಿ, ತನ್ನ ಸೈಕಲ್ಲಿನ ಪಂಪು ಎತ್ತಿ ಹಿಡಿದು, ಮಾಯಣ್ಣನ ಮೀಸೆಗೆ ಗುರಿಯಿಟ್ಟು ನಿಂತ. ಗಾಳಿಗೆ ಟವಲು ಹಾರಿಹೋಯಿತು. ಅದರ ಕೆಳಗಿಂದ ನರೆಗೂದಲ ತುರುಬು ಬಿಚ್ಚಿಕೊಂಡಿತು.

"ಸರ್ಕಳ್ಳಾ ಹೊನ್ನಾ!" ಎಂದು ಕಿರುಚಿದಳು ದಾಸಮ್ಮ. "ಬ್ರೇಕ್ ಹಿಡಿಯೋದ್ನ ನಾಳೀಕ್ ಹೇಳ್ಕೊಡ್ತೀನಿ ಅಂದವ್ಳೆ ನಿನ್ನೆಂಡ್ರು!"