ಗುರ್ಜಿ ಹೊತ್ತವನು

ಶೋಕೇಸಿನಲ್ಲಿ ಟ್ರೋಫಿ ಇರಲಿಲ್ಲ. ಶಿವರಂಜನ್ ಎರಡೂ ಗಾಜು ಸರಿಸಿ ನೋಡಿದ, ಫೋಟೋಗಳ ಹಿಂದೆ ಕೈ ಹಾಕಿ ತಡವಿದ. ಇನ್ನೆರಡು ಗಂಟೆಯಲ್ಲಿ, ಹನ್ನೊಂದಕ್ಕೆ ಸರಿಯಾಗಿ, ಅದನ್ನು ಗಿಂಡಿ ಬಡಾವಣೆಯ ಆಫೀಸಿನಲ್ಲಿ ಒಪ್ಪಿಸಬೇಕಾಗಿತ್ತು.

ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಆರ್ಡರು ತಂದವನನ್ನು ಅವನ ಕಂಪನಿ 'ರೇನ್ ಮೇಕರ್' ಎಂದು ಕರೆದು, ಆಕಾಶಕ್ಕೆ ಕೈಯೆತ್ತಿ ನಿಂತ ಗೇಣುದ್ದದ ಹಿತ್ತಾಳೆ ಮನುಷ್ಯನನ್ನು ಕೈಗಿಡುತ್ತದೆ. ಮುಂದಿನ ವರ್ಷ ಬೇರೆಯವನು ಗೆದ್ದರೆ ಆ ಮನುಷ್ಯ ಗೆದ್ದವನ ಮನೆಗೆ ಹೋಗುತ್ತಾನೆ. ಎರಡು ವರ್ಷ ಈ ಮಳೆಗಾರ ಪಲ್ಲಾವರಂನ ಈ ಮನೆಯಲ್ಲೇ ಠಿಕಾಣಿ ಹೂಡಿದ್ದ. ಈ ವರ್ಷ ಶಿವರಂಜನ್ ಮುಟ್ಟಿದ್ದೆಲ್ಲ ಕೈಕೊಟ್ಟಿತ್ತು. ಗೆದ್ದವನು ಚರಣ್, ಶಿವರಂಜನ್ ತಾನೇ ಕೆಲಸ ಕಲಿಸಿದ ಹುಡುಗ. ಇದನ್ನು ಮನೆಯಲ್ಲಿ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಹೆಂಡತಿ ಕೋಮಲಾ ಬ್ಯಾಂಕಿಗೆ ಹೋದ ಮೇಲೆ, ಪಾಲಿಶ್‌ಗೆ ಕೊಡಬೇಕೆಂದು ತಾಯಿಗೊಂದು ಸುಳ್ಳು ಹೇಳಿ, ಸದ್ದಿಲ್ಲದೆ ಸಾಗಿಸುವ ಯೋಚನೆ ಮಾಡಿದ್ದ. ನಲವತ್ತೆರಡರ ಗಂಡಸು ಅಡುಗೆಮನೆಯತ್ತ ಕಳ್ಳಹೆಜ್ಜೆ ಇಟ್ಟ.

ತಾಯಿ ಶಂಕ್ರಮ್ಮ ನೆಲದ ಮೇಲೆ ಕೂತಿದ್ದಳು. ಮುಂದೆ ರೊಟ್ಟಿ ಹಂಚು, ಹಂಚಿನ ಮೇಲೆ ಹೂವಿನ ಕುಂಡದಿಂದ ತೆಗೆದ ಮಣ್ಣಿನ ಮುದ್ದೆ, ಮುದ್ದೆಯೊಳಗೆ ಮೊಣಕಾಲುದ್ದ ಹೂತು ನಿಂತ ಹಿತ್ತಾಳೆ ಮನುಷ್ಯ. ಅವನ ತಲೆಗೆ ಗರಿಕೆ, ಹಣೆಗೆ ವಿಭೂತಿ.

"ಯವ್ವಾ, ಏನ್ ಮಾಡೀದಿ ಇದಕ್ಕ?"

"ಕಾಣ್ಸೂದಿಲ್ಲೇನು? ಗುರ್ಜಿ."

ಮಳೆ ಬಾರದ ವರ್ಷ ಅವರ ಊರಿನ ಕಡೆ ಗುರ್ಜಿ ಎಂಬ ಮಳೆದೇವರ ಗೊಂಬೆಯನ್ನು ಸೆಗಣಿಯಲ್ಲಿ ಮಾಡಿ ಹಂಚಿನ ಮೇಲಿಟ್ಟು, ಒಬ್ಬ ಅದನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾನೆ. ಮನೆಯಾಕೆ ಹೊತ್ತವನ ಮೇಲೆ ನೀರು ಸುರಿದು, ಹಿಟ್ಟು ಕೊಟ್ಟು ಕಳಿಸುತ್ತಾಳೆ. ತೀರಿಹೋದ ಅಪ್ಪ ಹಾಲಸಿದ್ದಪ್ಪ ಒಂದು ಕಾಲಕ್ಕೆ ಊರಿಗೆಲ್ಲ ಖಾಯಂ ಗುರ್ಜಿ ಹೊರುವವನಾಗಿದ್ದ. ಇಲ್ಲಿ ಈ ಅಪಾರ್ಟ್‌ಮೆಂಟಿನ ಬೋರು ಬತ್ತಿ ತಿಂಗಳಾಗಿತ್ತು. ಮೂರು ದಿನಕ್ಕೊಮ್ಮೆ ಬರುವ ಲಾರಿಯಿಂದ ಮನೆಗೆ ನಾಲ್ಕೇ ಕೊಡ ನೀರು.

"ಅದು ಆಫೀಸಿಂದು, ಯವ್ವಾ."

"ನನಗ ಅಷ್ಟೂ ತಿಳಿಯೂದಿಲ್ಲೇನು? ನೀ ಧಂದೆ ತಂದದ್ದಕ್ಕ ಕೊಟ್ಟಾರ. ಮಳಿ ತರಸಾಂವ ಅಂತ ಹೆಸರು ಇಟ್ಕೊಂಡು ಎರಡು ವರ್ಷ ಗಾಜಿನ ಒಳಗ ಸುಮ್ನ ನಿಂತಾನ. ಒಂದಿನ ಇದೂ ಮಾಡ್ಲಿ. ಈ ಊರಾಗ ನಾ ಸೆಗಣಿ ಎಲ್ಲಿ ಹುಡುಕ್ಲಿ? ಹಿಡಿ, ಹೊರು. ನನ್ನ ಸೊಂಟ ಒಲ್ಲೆ ಅಂತೈತಿ."

"ಹನ್ನೊಂದಕ್ಕ ಅದನ್ನ ಕೊಡಬೇಕು."

"ಯಾರಿಗೆ?"

ಪಾಲಿಶ್ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. "ಚರಣ್‌ಗ," ಅಂದ. "ಈ ವರ್ಷ ಅಂವಂದು. ನನ್ನ ಕೈಲೆ ಆಗಲಿಲ್ಲ, ಯವ್ವಾ."

ಹೇಳಿದ ಮೇಲೆ ನಿಲ್ಲಲಾಗಲಿಲ್ಲ. ಇಸ್ತ್ರಿ ಪ್ಯಾಂಟಿನಲ್ಲೇ ತಾಯಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಶಂಕ್ರಮ್ಮ ಗುರ್ಜಿಯ ತಲೆಯ ಗರಿಕೆಯನ್ನು ಸರಿಮಾಡಿದಳು.

"ಅದಕ್ಕ ಎರಡು ತಿಂಗಳಾತು, ಎರಡು ರೊಟ್ಟಿ ಮ್ಯಾಲ ಮೂರನೇದು ಮುಟ್ಟವಲ್ಲಿ," ಅಂದಳು. "ನಾ ನಿನಗ ಏನರ ಜಡ್ಡು ಬಂದೈತೇನೋ ಅಂತ ಹೆದರಿದ್ನಿ."

ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.

"ನಿಮ್ಮಪ್ಪ ಹದಿಮೂರು ಸಲ ಗುರ್ಜಿ ಹೊತ್ತಾನ. ಮಳಿ ಬಂದದ್ದು ಏಳು ಸಲ."

"ಬರದಿದ್ದಾಗ?"

"ಆಗೂ ನೀರು ಹಾಕಿದ್ರು, ಹಿಟ್ಟು ಕೊಟ್ರು. ಮರುವರ್ಷ ಮತ್ತ ಅವನ್ನ ಕರದ್ರು. ಮಳಿ ಯಾಕ ಬರಲಿಲ್ಲಂತ ಹೊತ್ತಾಂವನ್ನ ಯಾರು ಕೇಳ್ತಾರೋ, ಹುಚ್ಚಾ?"

ಅವಳ ಮಣ್ಣುಗೈ ಅವನ ಬೆನ್ನ ಮೇಲಿತ್ತು. ಎರಡು ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದು ಶಿವರಂಜನ್‌ಗೆ ಅಳು ಬಂತು. ನಾಚಿಕೆಯನ್ನೇನೂ ಇಟ್ಟುಕೊಳ್ಳದೆ ಅತ್ತ. ಅಳುತ್ತಲೇ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ಎದ್ದು ನಿಂತು ಹಂಚನ್ನು ತಲೆಗೇರಿಸಿಕೊಂಡ.

ಎದುರುಮನೆಯ ಅನಸೂಯ ಟೀಚರ್ ನಿವೃತ್ತರಾಗಿ ಎಂಟು ವರ್ಷವಾದರೂ ಯಾರನ್ನು ಕಂಡರೂ ಹೋಂವರ್ಕ್ ಕೇಳುವವರ ಹಾಗೆ ನೋಡುವವರು. ತಾಯಿ-ಮಗ ಕರೆಗಂಟೆ ಒತ್ತಿದಾಗ ಬಾಗಿಲು ತೆಗೆದವರು, ತಲೆಯ ಮೇಲೆ ರೊಟ್ಟಿ ಹಂಚು ಹೊತ್ತ ಸೇಲ್ಸ್ ಮ್ಯಾನೇಜರನ್ನು ಕಂಡು ಕನ್ನಡಕ ಸರಿಮಾಡಿಕೊಂಡು, ಏನಪ್ಪಾ ಇದು ಎಂದು ತಮ್ಮ ತಮಿಳಿನಲ್ಲಿ ಕೇಳಿದರು.

"ಎನ್ನ ತಂಬಿ ಇದು?"

ಶಂಕ್ರಮ್ಮ ಸಂತೆಯಲ್ಲಿ ಕಲಿತ ತಮಿಳಿನಲ್ಲಿ ಅರ್ಧ, ಕೈಸನ್ನೆಯಲ್ಲಿ ಅರ್ಧ ಹೇಳಿ ಮುಗಿಸಿದಳು. ಟೀಚರ್ ಒಳಗೆ ಹೋದರು. ಶಾಸ್ತ್ರಕ್ಕೆ ಒಂದು ಚೊಂಬು ತಂದಾರು ಅಂದುಕೊಂಡರೆ, ತುಂಬಿದ ಪ್ಲಾಸ್ಟಿಕ್ ಕೊಡವನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು ತೇಕುತ್ತ ಬಂದರು. ಮೂರು ದಿನಕ್ಕೆಂದು ಸಿಕ್ಕ ನಾಲ್ಕು ಕೊಡಗಳಲ್ಲಿ ಒಂದು. ಶಿವರಂಜನ್ ಅವರಿಗೆ ಎಟುಕಲೆಂದು ಹಂಚು ಹಿಡಿದುಕೊಂಡೇ ಮೊಣಕಾಲೂರಿ ಕೂತ.

ಅರ್ಧ ಸುರಿದು ಟೀಚರ್ ಕೈ ನಿಲ್ಲಿಸಿ, ಮಳೆ ಬರುತ್ತದೆಯೇ ಎಂದು ಕೇಳಿದರು.

"ಮಳೆ ವರುಮಾ, ತಂಬಿ?"

ಹದಿನೈದು ವರ್ಷ ಗಿರಾಕಿಗಳ ಎದುರು ಕೂತು ಆಗುತ್ತೆ, ಬರುತ್ತೆ, ಗ್ಯಾರಂಟಿ ಎಂದೇ ಹೇಳಿ ಅನ್ನ ತಿಂದವನು ಅವನು. ಕಣ್ಣಿಗಿಳಿಯುತ್ತಿದ್ದ ಮಣ್ಣುನೀರನ್ನು ಭುಜಕ್ಕೆ ಒರೆಸಿಕೊಂಡ.

"ತೆರಿಯಾದು, ಟೀಚರ್."

ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಅಷ್ಟು ಸಲೀಸಾಗಿ ಹೊರಟಿದ್ದು ಅದೇ ಮೊದಲು.

"ಪರವಾಯಿಲ್ಲೆ," ಅಂದು ಟೀಚರ್ ಉಳಿದ ಅರ್ಧ ಕೊಡವನ್ನೂ ಅವನ ಮೇಲೆ ಸುರಿದರು.