ಹತ್ತು ಮೂಟೆ ಮರಳು

"ಈ ಮೂಟೆಗಳಲ್ಲಿ ಏನ್ರೀ ಇದೆ?"

ರೇಸು ಶುರುವಾಗಲು ಇನ್ನು ಅರ್ಧ ಗಂಟೆಯಿತ್ತು. ಹೆಂಡತಿಯ ಪ್ರಶ್ನೆಗೆ ಗಂಡ ಸ್ಪೀಡ್‌ಬೋಟಿನೊಳಗಿಂದ ತಲೆಯೆತ್ತಿದ. "ಮರಳು ಕಣೇ. ಬೋಟು ಕಮ್ಮಿ ಅಂದ್ರೂ ಇಷ್ಟು ತೂಕ ಇರ್ಲೇಬೇಕು ಅಂತ ರೂಲ್ಸು. ನಮ್ಮದು ಹಗುರ, ಅದಕ್ಕೇ ಹತ್ತು ಮೂಟೆ."

"ಹೋದ ಸಲ ಅಕ್ಕಿ ಅಂದಿದ್ರಿ. ಒಳಗೆ ಸಿಗರೇಟಿತ್ತು."

ಆತ ಮತ್ತೆ ಬೋಟಿನೊಳಗೆ ತಲೆ ತೂರಿಸಿದ. ಅವನೂ ಅವಳ ತಮ್ಮನೂ ಹನ್ನೆರಡು ವರ್ಷ ಇದೇ ಬೋಟಿನಲ್ಲಿ ಕಳ್ಳಮಾಲು ಸಾಗಿಸಿದವರು. ಕಸ್ಟಮ್ಸಿನವರ ಕೈಗೆ ಒಮ್ಮೆಯೂ ಸಿಕ್ಕವರಲ್ಲ. "ಇನ್ನೊಂದೇ ಒಂದು ಸಲ ಆ ಕೆಲಸಕ್ಕೆ ಹೋದ್ರೆ ನಾನು ಈ ಮನೇಲಿರಲ್ಲ" ಎಂದು ಆರು ತಿಂಗಳ ಹಿಂದೆ ಅವಳು ಕಡ್ಡಿ ಮುರಿದ ಹಾಗೆ ಹೇಳಿದ ಮೇಲೆಯೇ ಬಿಟ್ಟದ್ದು. ನಿಜವಾಗಿ ಬಿಟ್ಟರೋ, ಬಿಟ್ಟ ಹಾಗೆ ಮಾಡಿದರೋ? ಅದೇ ಅವಳ ತಲೆ ತಿನ್ನುತ್ತಿತ್ತು.

"ಅಕ್ಕಾ, ನಿನ್ನಾಣೆ, ಮರಳೇ!" ಎಂದ ತಮ್ಮ. ಸುಳ್ಳು ಆಣೆ ಹಾಕುವುದರಲ್ಲಿ ಅವನದು ಎತ್ತಿದ ಕೈ. ಅವಳ ಅನುಮಾನ ಇನ್ನಷ್ಟು ಜಾಸ್ತಿಯಾಯಿತು.

ಮೊದಲ ಸುತ್ತಿನಲ್ಲಿ ಇವರ ಬೋಟು ನಾಲ್ಕನೆಯದು, ಎರಡನೆಯ ಸುತ್ತಿಗೆ ಎರಡನೆಯದು. ಕೊನೆಯ ಸುತ್ತಿನಲ್ಲಿ ಹಿಂದೆ ಬರುತ್ತಿದ್ದ ಯಾರದೋ ಎಂಜಿನ್ನಿನಿಂದ ಹೊಗೆ ಎದ್ದಿತು. ರಕ್ಷಣಾ ದೋಣಿ ನೀಲಿ ದೀಪ ಮಿನುಗಿಸುತ್ತ, ಸೈರನ್ ಹಾಕಿಕೊಂಡು ಅತ್ತ ಧಾವಿಸಿತು. ಅದು ಹೊರಟದ್ದು ಹೊಗೆಯ ಕಡೆಗೆ, ಪಾಪ. ಆದರೆ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಇವರಿಬ್ಬರಿಗೂ ಮೈಮೇಲೆ ದೆವ್ವ ಬಂದಂತಾಯಿತು. ಗಂಡ ಹಿಂದಿರುಗಿ ಕೂಡ ನೋಡದೆ ಬೋಟನ್ನು ಚಿಮ್ಮಿಸಿದ. ತಮ್ಮ ಎದ್ದು ನಿಂತು ಮೂಟೆಗಳನ್ನು ಒಂದೊಂದಾಗಿ ನೀರಿಗೆ ಉರುಳಿಸತೊಡಗಿದ.

ದಡದಲ್ಲಿ ಜನ ಸಿಳ್ಳೆ ಹೊಡೆದರು. ಹೆಂಡತಿ ಮಾತ್ರ ನೀರಿನಂಚಿಗೆ ಓಡಿದಳು. ಸೈರನ್ ಕೇಳಿದರೆ ಮೂಟೆ ಎಸೆಯುವುದು ಯಾಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಮರಳಾಗಿದ್ರೆ ಯಾಕ್ರೋ ಎಸೀತೀರಾ, ಪಾಪಿಗಳಾ!" ಎನ್ನುವಾಗ ಅವಳಿಗೆ ಅಳುವೇ ಬಂತು.

ಎಲ್ಲರನ್ನೂ ಹಿಂದೆ ಹಾಕಿ ಬೋಟು ಗೆಲುವಿನ ಗೆರೆ ದಾಟಿತು. ದಾಟಿದ್ದು ನಿಲ್ಲಲೇ ಇಲ್ಲ! ಇನ್ನೂ ಎರಡು ಮೈಲಿ ಓಡಿ, ಇದು ರೇಸೆಂದು ಅಲ್ಲಿ ನೆನಪಾಗಿ, ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದರು.

ಕ್ರೇನು ಬೋಟನ್ನು ಮೇಲೆತ್ತಿ ತೂಗಿತು. ತೂಕ ನೋಡುವವರು ಕಸ್ಟಮ್ಸಿನಿಂದ ನಿವೃತ್ತರಾದ ಸಾಹೇಬರು, ಈಚಿನವರೆಗೂ ಇದೇ ಬೋಟಿನ ಹಿಂದೆ ಅಲೆದಲೆದು ಸುಸ್ತಾದವರು. "ಇನ್ನೂರೈವತ್ತು ಕೆಜಿ ಕಮ್ಮಿ. ಗೆಲುವು ರದ್ದು" ಎಂದರು.

ಹೆಂಡತಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಸಾಹೇಬ್ರೇ, ಆ ಮೂಟೆಗಳಲ್ಲಿ ಏನಿತ್ತು? ನೀವಾದ್ರೂ ನಿಜ ಹೇಳಿ."

"ಮರಳಮ್ಮ. ಬೆಳಿಗ್ಗೆ ನಾನೇ ಎದುರಿಗೆ ನಿಂತು ತುಂಬಿಸಿ, ಸೀಲು ಹಾಕಿದ್ದೀನಿ."

ಅವಳು ಗಂಡನ ಕಡೆ ತಿರುಗಿದಳು. "ಮತ್ತೆ ಎಸೆದದ್ದು ಯಾಕ್ರೀ?"

"ಅಭ್ಯಾಸ ಕಣೇ..." ಎಂದ, ನೆಲ ನೋಡುತ್ತ.

ಅವಳಿಗೆ ನಗು ತಡೆಯಲಾಗಲಿಲ್ಲ. ರೇಸಿನ ಕಪ್ಪು ಹೋದರೆ ಹೋಯಿತು, ಗಂಡ ಉಳಿದ. ಸಾಹೇಬರು ಮಾತ್ರ ನಗಲಿಲ್ಲ. ಕಾಗದಕ್ಕೆ ಸಹಿ ಹಾಕಿ, ಪೆನ್ನು ಜೇಬಿಗಿಟ್ಟು ನಿಟ್ಟುಸಿರು ಬಿಟ್ಟರು.

"ಹನ್ನೆರಡು ವರ್ಷ ಇವರ ಬೋಟಲ್ಲಿ ಏನಾದ್ರೂ ಸಿಕ್ಕೀತು ಅಂತ ತಡಕಾಡಿದೆ ಕಣಮ್ಮ. ಕೊನೆಗೂ ಹಿಡಿದೆ ನೋಡು, ಏನೂ ಇಲ್ಲ ಅಂತ!"